ಮೆಕ್ಸಿಕೋ ಸಾರಿನ ಎಡೆ

ಬದುಕಿರುವವರಿಗೆ ಅಡುಗೆ ಮಾಡಿ ಹಾಕುವುದು ಸುಲಭದ ಕೆಲಸ. ಈ ಮಾತನ್ನು ನಮ್ಮ ಮನೆಯ ಹೆಂಗಸರ ಮುಂದೆ ಆಡಿದರೆ ಸೌಟು ಹಿಡಿದುಕೊಂಡು ಬರುತ್ತಾರೆ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಬದುಕಿರುವವನು ಖಾರ ಜಾಸ್ತಿಯಾದರೆ ಮುಖ ಹಿಂಡುತ್ತಾನೆ, ಹುಳಿ ಕಡಿಮೆಯಾದರೆ ನಿಂಬೆಹಣ್ಣು ಕೇಳುತ್ತಾನೆ, ಏನೂ ಹಿಡಿಸದಿದ್ದರೆ ಯಾಕೋ ಹೊಟ್ಟೆ ಸರಿಯಿಲ್ಲ ಎಂದು ಕೈ ತೊಳೆದುಕೊಳ್ಳುತ್ತಾನೆ. ಒಟ್ಟಿನಲ್ಲಿ ನಮ್ಮ ಕೈಗುಣ ಎಂಥದ್ದು ಎಂದು ನಮಗೆ ತಿಳಿಯುತ್ತದೆ. ಸತ್ತವರ ವಿಷಯ ಹಾಗಲ್ಲ. ಅವರು ಬರುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ಚೆನ್ನಾಗಿತ್ತೋ ಕೆಟ್ಟಿತ್ತೋ ಒಂದು ಮಾತು ಹೇಳುವುದಿಲ್ಲ. ಆಮೇಲೆ ವರ್ಷವಿಡೀ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಹಸು ಕಂದು ಹಾಕಿದರೆ, ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋದರೆ, 'ಈ ಸಲ ಪಕ್ಷದಲ್ಲಿ ಏನೋ ಕಮ್ಮಿಯಾಗೈತೆ' ಎಂದು ನಾವೇ ಅರ್ಥ ಮಾಡಿಕೊಳ್ಳಬೇಕು.

ಪಕ್ಷ ಅಂದರೆ ಪಿತೃಪಕ್ಷ. ನಮ್ಮ ಕಡೆ, ರಾಮನಗರ ಚನ್ನಪಟ್ಟಣದ ಸುತ್ತಮುತ್ತ, ಆ ಹದಿನೈದು ದಿನಗಳಲ್ಲಿ ಅನುಕೂಲ ನೋಡಿಕೊಂಡು ಒಂದು ದಿನ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರ ಪಟದ ಮುಂದೆ ಹೊಸ ಬಟ್ಟೆ ಇಟ್ಟು, ಬಾಳೆ ಎಲೆ ಹಾಸಿ, ಅವರಿಗೆ ಏನೇನು ಇಷ್ಟವಾಗಿತ್ತೋ ಅದನ್ನೆಲ್ಲ ಬಡಿಸುವುದು. ನಮ್ಮ ಅಜ್ಜನಿಗೆ ಕೋಳಿ ಸಾರಿನ ಜೊತೆ ಒಂದು ಕಟ್ಟು ಬೀಡಿ. ಅಜ್ಜಿಗೆ ಎಲೆ ಅಡಿಕೆ, ಕಡ್ಡಿಪುಡಿ. ಕುಡಿದು ಕುಡಿದೇ ಹೋದ ಚಿಕ್ಕಪ್ಪನಿಗೆ ಒಂದು ಬಾಟಲಿ. ಆತ ಬದುಕಿದ್ದಾಗ ಆ ಬಾಟಲಿಯನ್ನು ಕಿತ್ತುಕೊಳ್ಳಲು ಊರೆಲ್ಲ ಅಟ್ಟಾಡಿಸಿಕೊಂಡು ಹೋಗುತ್ತಿದ್ದ ಚಿಕ್ಕವ್ವನೇ ಈಗ ತನ್ನ ಕೈಯಾರೆ ಮುಚ್ಚಳ ತೆಗೆದು ಎಲೆಯ ಪಕ್ಕದಲ್ಲಿಡುತ್ತಾಳೆ. ಎಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಬರುತ್ತೇವೆ. ಅವರು ಸಂಕೋಚವಿಲ್ಲದೆ ತಿನ್ನಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಏನೂ ತಿನ್ನುವಂತಿಲ್ಲ. ಮುಖ್ಯವಾಗಿ, ಎಡೆಗೆ ಮಾಡಿದ ಅಡುಗೆಯ ರುಚಿ ನೋಡುವಂತಿಲ್ಲ. ನೋಡಿದರೆ ಎಂಜಲಾಯಿತು. ನಮ್ಮ ಹೆಂಗಸರು ಇದಕ್ಕೆ ಹೆದರುವವರಲ್ಲ. ಸಾರು ಕುದಿಯುವಾಗ ಏಳುವ ಹಬೆಯ ಮೇಲೆ ಮುಖ ಇಟ್ಟು ಒಂದು ಸಲ ಉಸಿರೆಳೆದುಕೊಂಡರೆ ಅವರಿಗೆ ಎಲ್ಲವೂ ಗೊತ್ತಾಗುತ್ತದೆ. ನನಗೆ ಹಾಗೆ ಗೊತ್ತಾಗುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ನನ್ನ ವಿಷಯ ಹೇಳಿಬಿಡುತ್ತೇನೆ. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಬಾಗಿಲುಗಳಿಗೆ ರಬ್ಬರ್ ಪಟ್ಟಿ ಮಾಡುವ ಒಂದು ಕಾರ್ಖಾನೆಯಿದೆ. ಅಲ್ಲಿ ನಾನು ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿದ್ದೇನೆ. ಪಟ್ಟಿಯನ್ನು ಎಳೆದು, ಬಗ್ಗಿಸಿ, ಹಿಂಡಿ ನೋಡಿ, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳುವುದು ನನ್ನ ಕೆಲಸ. ಮಾಡಿ ಮಾಡಿ ಅದೊಂದು ಚಟವಾಗಿ, ಮನೆಯಲ್ಲಿ ಚಪಾತಿಯನ್ನೂ ಎಳೆದು ನೋಡುತ್ತೇನೆ. ನನ್ನ ಹೆಂಡತಿ ಪದ್ಮ ದೊಡ್ಡಮಳೂರಿನವಳು, ಮಾತಿನಲ್ಲಿ ಜಿಪುಣತನ ತೋರಿಸುವವಳಲ್ಲ. "ನಮ್ಮಪ್ಪನೂ ನಿಮ್ಮನ್ನ ಹಿಂಗೇ ಎಳೆದು ನೋಡಿದ್ದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು" ಎನ್ನುತ್ತಾಳೆ.

ಆ ಕಾರ್ಖಾನೆ ನಿಂತಿರುವ ಜಾಗದಲ್ಲಿ ಮೊದಲು ನಮ್ಮ ದೊಡ್ಡಪ್ಪನ ಹೊಲವಿತ್ತು. ನಾನು ಪಟ್ಟಿ ಎಳೆಯುವ ಮೇಜು ಇರುವ ಕಡೆಯಲ್ಲೇ ಅವರು ರಾಗಿಯ ನಡುವೆ ಅವರೆಯ ಸಾಲು ಹಾಕುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಹೊಸತು, ಬಿಡದಿಯ ಆಸುಪಾಸಿನಲ್ಲಿ ದಿನಕ್ಕೊಂದು ಕಾಂಪೌಂಡು ಏಳುತ್ತಿದ್ದ ಕಾಲ. ದೊಡ್ಡಪ್ಪನ ಹೊಲವೂ ಹೋಯಿತು. ಕಾರ್ಖಾನೆಯ ಉದ್ಘಾಟನೆಯಾದ ದಿನ ಕಂಪನಿಯವರು ಜಮೀನು ಕೊಟ್ಟವರನ್ನೆಲ್ಲ ಎಸಿ ಬಸ್ಸಿಗೆ ಹತ್ತಿಸಿಕೊಂಡು ಬೆಂಗಳೂರಿನ ಭಾರೀ ಹೋಟೆಲೊಂದಕ್ಕೆ ಕರೆದುಕೊಂಡು ಹೋಗಿ ಊಟ ಹಾಕಿಸಿದರು. ತಾತ ಮುತ್ತಾತ ಉತ್ತ ಹೊಲ ತಕ್ಕಡಿಯ ಒಂದು ಕಡೆ, ಒಂದು ಮಧ್ಯಾಹ್ನದ ಊಟ ಇನ್ನೊಂದು ಕಡೆ. ಸರಿಹೋಯಿತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಶಾಲು ಹೊದಿಸಿಕೊಂಡವರೇ ಎಲ್ಲರಿಗಿಂತ ಜೋರಾಗಿ ತಟ್ಟಿದರಂತೆ.

ಆ ಹೋಟೆಲಿನಲ್ಲಿ ಅವತ್ತು ಮೆಕ್ಸಿಕೋ ದೇಶದ ಅಡುಗೆ. ಅದರಲ್ಲಿ ಕೋಳಿಯನ್ನೂ ದಪ್ಪ ಮೆಣಸಿನಕಾಯಿಯನ್ನೂ ಹಾಕಿ ಮಾಡಿದ ಒಂದು ಸಾರು ದೊಡ್ಡಪ್ಪನ ತಟ್ಟೆಗೆ ಬಿತ್ತು. ಊರಿಗೆ ಬಂದವರು ಹೋಟೆಲಿನ ದೀಪದ ಗೊಂಚಲಿನ ಬಗ್ಗೆ ಹೇಳಲಿಲ್ಲ, ತಾನಾಗಿ ತೆರೆಯುವ ಬಾಗಿಲಿನ ಬಗ್ಗೆ ಹೇಳಲಿಲ್ಲ, ಈ ಸಾರಿನ ಬಗ್ಗೆ ಮಾತ್ರ ಹೇಳಿದರು. ಸಾಯುವವರೆಗೂ ಹೇಳಿದರು. "ಬಣ್ಣ ನೋಡ್ಬೇಕಾಗಿತ್ತು ಕಣ್ಲಾ. ಕೆಂಪು, ಹಳದಿ, ಹಸ್ರು, ಮೂರ್ ಬಣ್ಣದ ಮೆಣಸಿನ್‌ಕಾಯಿ. ಒಂದ್ರಲ್ಲಾದ್ರೂ ಖಾರ ಇತ್ತಾ ಅಂದ್ರೆ, ಊಹೂಂ. ಕೋಳಿ ಬಾಯಿಗಿಟ್ರೆ ಹಂಗೇ ಕರಗೋಗ್ಬುಡ್ತಿತ್ತು. ಅದೇನೋ ಒಂಥರಾ ಸೊಪ್ಪಿನ ವಾಸ್ನೆ. ಬಡಿಸೋನು ಕೈಗೆ ಬಿಳೀ ಚೀಲ ಹಾಕ್ಕಂಡಿದ್ದ ಕಣ್ಲಾ" ಎಂದು ನನ್ನನ್ನು ಕಂಡಾಗಲೆಲ್ಲ ವರ್ಣಿಸುತ್ತಿದ್ದರು. ಕೇಳಿ ಕೇಳಿ ನನಗೂ ಅದನ್ನು ತಿಂದಂತೆಯೇ ಆಗಿತ್ತು.

ಕೇಳಿ ಸಾಕಾದವಳು ದೊಡ್ಡವ್ವ. ನಮ್ಮ ದೊಡ್ಡವ್ವನ ನಾಟಿ ಕೋಳಿ ಸಾರು ಅಂದರೆ ಕೂಟಗಲ್ ಕಡೆಯ ನೆಂಟರು ಕೂಡ ಒಂದು ನೆಪ ಮಾಡಿಕೊಂಡು ಭಾನುವಾರ ಬರುತ್ತಿದ್ದರು. ಕಾಯಿ ಹುರಿದು, ಒರಳಿನಲ್ಲಿ ರುಬ್ಬಿ ಆಕೆ ಸಾರು ಇಳಿಸಿದರೆ ಬೀದಿಯ ತುದಿಯಲ್ಲಿ ಹೋಗುತ್ತಿರುವವನು ಸೈಕಲ್ ನಿಲ್ಲಿಸಬೇಕು. ಅಂಥ ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ, ಬೆರಳು ನೆಕ್ಕಿ, ದೊಡ್ಡಪ್ಪ ಹೇಳುತ್ತಿದ್ದರು: "ಚೆನ್ನಾಗೈತೆ. ಆದ್ರೂ ಆ ಮೆಕ್ಸಿಕೋ ಸಾರಿನಂಗಿಲ್ಲ ಬುಡು." ದೊಡ್ಡವ್ವ ಇನ್ನೊಂದು ಮುದ್ದೆ ತಂದು ತಟ್ಟೆಗೆ ಇಡುತ್ತಿದ್ದಳು. ಇಡುವಾಗ ತಟ್ಟೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿತ್ತು, ಅಷ್ಟೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಮೊದಲ ಪಕ್ಷ ಬಂತು. ವಿಚಾರಿಸಿಕೊಂಡು ಬರೋಣ ಎಂದು ನಾನು ಮತ್ತು ಪದ್ಮ ರಾಮನಗರದಿಂದ ಊರಿಗೆ ಹೋಗಿದ್ದಾಗ ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಕರೆದಳು. "ನನ್ ಸಾರು ನಾನ್ ಇಕ್ಕೇ ಇಕ್ತೀನಿ. ಆ ಮೆಕ್ಸಿಕೋದ್ದು ಐತಲ್ಲ, ಅದ್ನ ನೀನು ಮಾಡ್ಬುಡಪ್ಪ. ಓದಿರೋನು ನೀನು. ಒಂದ್ಸಲ ಹೊಟ್ಟೆ ತುಂಬ ತಿಂದು ಆಸೆ ತೀರುಸ್ಕಳ್ಳಲಿ. ಇಲ್ದಿದ್ರೆ ನನ್ ಎಲೆ ಮುಂದೆ ಕೂತ್ಕಂಡು ಅಲ್ಲೂ ಅದೇ ರಾಗ ಎಳೀತಾರೆ" ಎಂದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಇದ್ದಾಗ ನನ್ ಕೈನ ಊಟ ತಿಂದು ಒಂದ್ಸಲನಾದ್ರೂ ಸಾಕು ಅನ್ಲಿಲ್ಲ ಕಣೋ. ಹಸ್ಕಂಡ್ ಹೋದ್ರೇನೋ ಅನ್ನಿಸ್ತದೆ" ಎಂದಳು. ಮನೆಯಲ್ಲಿ ಅಷ್ಟು ಕೋಳಿ ಬೇಯಿಸಿ ಹಾಕಿದ ಹೆಂಗಸಿನ ಬಾಯಲ್ಲಿ ಈ ಮಾತು ಬಂದ ಮೇಲೆ ಇಲ್ಲ ಎನ್ನುವುದು ಹೇಗೆ? ಒಪ್ಪಿಕೊಂಡೆ. ಕನಿಕರದಿಂದ ಒಪ್ಪಿಕೊಂಡೆ ಎಂದರೆ ಅರ್ಧ ಮಾತ್ರ ನಿಜ. 'ಓದಿರೋನು' ಎಂದಳಲ್ಲ, ಉಳಿದರ್ಧ ಅದಕ್ಕೆ ಉಬ್ಬಿ ಒಪ್ಪಿಕೊಂಡದ್ದು.

ಬಸ್ಸಿನಲ್ಲಿ ವಾಪಸು ಬರುವಾಗ ಪದ್ಮ ಕೇಳಿದಳು. "ಅದರ ರುಚಿ ಹೇಗಿರುತ್ತೆ ಅಂತ ಯಾರಿಗೆ ಗೊತ್ತು?"

"ದೊಡ್ಡಪ್ಪನಿಗೆ."

"ಅವರು ಹೋದ್ರು. ಬೇರೆ ಯಾರಿಗೆ?"

ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಂದರೆ ನಾನು ಮಾಡಬೇಕಾದ ಮಾಲಿನ ಸ್ಯಾಂಪಲ್ಲು ಇಲ್ಲ. ಮಾಡಿದ ಮೇಲೆ ಪರೀಕ್ಷೆ ಮಾಡುವಂತಿಲ್ಲ. ಪರೀಕ್ಷೆ ಮಾಡಬಲ್ಲ ಒಬ್ಬನೇ ಒಬ್ಬ ಗಿರಾಕಿ ಬಾಗಿಲು ಹಾಕಿಕೊಂಡು ತಿಂದು, ಮಾತಾಡದೆ ಹೋಗುತ್ತಾನೆ. ನಮ್ಮ ಕಾರ್ಖಾನೆಯಲ್ಲಿ ಹೀಗೊಂದು ಆರ್ಡರು ಬಂದಿದ್ದರೆ ನಾನೇ ಮೊದಲು ನಿಂತು ಆಗುವುದಿಲ್ಲ ಎನ್ನುತ್ತಿದ್ದೆ. ಆದರೆ ದೊಡ್ಡವ್ವನಿಗೆ ಮಾತು ಕೊಟ್ಟಾಗಿತ್ತು.

ರಾಮನಗರದ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತು ಹುಡುಕಿದೆ. ಹತ್ತಾರು ಬಗೆಯ ಮೆಕ್ಸಿಕೋ ಕೋಳಿ ಸಾರುಗಳು ಬಂದವು. ಒಂದರಂತೆ ಇನ್ನೊಂದಿಲ್ಲ. ಒಬ್ಬಳು ಜೋಳ ಹಾಕು ಎನ್ನುತ್ತಾಳೆ, ಇನ್ನೊಬ್ಬ ಜೋಳ ಹಾಕಿದವನು ಮೂರ್ಖ ಎನ್ನುತ್ತಾನೆ. ಒಂದು ಕಡೆ ಚಾಕೊಲೇಟು ಕೂಡ ಇತ್ತು. ಬಸ್ಸಾರು ಹೀಗೇ ಇರಬೇಕೆಂದು ನಮ್ಮಲ್ಲಿ ಎರಡು ಮನೆಯವರು ಒಪ್ಪಿದ್ದುಂಟೇ, ಅಲ್ಲಿಯವರೂ ನಮ್ಮಂತೆಯೇ ಎಂದು ಸಮಾಧಾನವಾಯಿತು. ಕೊನೆಗೆ ಯಾವುದರಲ್ಲಿ ಮೂರು ಬಣ್ಣದ ಮೆಣಸಿನಕಾಯಿಯೂ ಸೊಪ್ಪಿನ ವಾಸನೆಯೂ ಇದ್ದವೋ ಅದನ್ನು ಪ್ರಿಂಟು ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಅದನ್ನು ಓದಿ, ಕಾರ್ಖಾನೆಯಲ್ಲಿ ಮಾಡುವಂತೆ ಪ್ರತಿ ಸಾಲಿನ ಮುಂದೆ ಟಿಕ್ ಹಾಕಲು ಒಂದು ಚೌಕ ಬರೆದೆ. ಪದ್ಮ ಅದನ್ನು ನೋಡಿ, "ಸಾರು ಮಾಡೋದಾ, ಸಾರಿನ ಪರೀಕ್ಷೆ ಬರೆಯೋದಾ" ಎಂದಳು.

ಬಣ್ಣದ ಮೆಣಸಿನಕಾಯಿ ತರುವ ಜವಾಬ್ದಾರಿಯನ್ನು ಲೋಕೇಶ ಹೊತ್ತುಕೊಂಡ. ಲೋಕೇಶ ದೊಡ್ಡಪ್ಪನ ಮಗ. ತಮ್ಮ ಹೊಲ ಹೋದ ಮೇಲೆ, ಉಳಿದವರ ಹೊಲವೂ ಹೋಗುವಂತೆ ನೋಡಿಕೊಳ್ಳುವ ಕೆಲಸ ಹಿಡಿದಿದ್ದಾನೆ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ, ಕೈಗೆರಡು ಮೊಬೈಲು. ಬೆಂಗಳೂರಿನ ಒಂದು ಶಾಪಿಂಗ್ ಮಾಲಿನಿಂದ ಅವನು ಮೆಣಸಿನಕಾಯಿ ತಂದ. ಒಂದೊಂದಕ್ಕೂ ಬೇರೆ ಬೇರೆಯಾಗಿ ಪ್ಲಾಸ್ಟಿಕ್ಕು ಸುತ್ತಿತ್ತು. ಪಕ್ಷಕ್ಕೆಂದು ಕೋಡಿಹಳ್ಳಿಯಿಂದ ಬಂದಿದ್ದ ದೊಡ್ಡವ್ವನ ತಮ್ಮ, ನಾವೆಲ್ಲ ಮಾವ ಎಂದು ಕರೆಯುವವರು, ಹಳದಿಯದನ್ನು ಕೈಗೆ ತೆಗೆದುಕೊಂಡು ಕುಟ್ಟಿ ನೋಡಿ, "ಒಳಗೇನೂ ಇಲ್ವಲ್ಲೋ. ಬರೀ ಡಬ್ಬ" ಎಂದರು.

"ಇಂಪೋರ್ಟೆಡ್ ಅಂದ್ರೆ ಹಂಗೇ ಮಾವ" ಎಂದ ಲೋಕೇಶ. ಅದು ಬೆಳೆದದ್ದು ಕನಕಪುರ ರಸ್ತೆಯ ಯಾವುದೋ ಪ್ಲಾಸ್ಟಿಕ್ ಮನೆಯೊಳಗೆ ಎಂದು ಪ್ಯಾಕೆಟ್ಟಿನ ಮೇಲೆಯೇ ಇತ್ತು.

ಇನ್ನು ಸೊಪ್ಪು. ಓರೆಗಾನೋ ಎಂದು ಅದರ ಹೆಸರು. ನಮ್ಮ ಕಾರ್ಖಾನೆಯಲ್ಲಿ ಬೆಂಗಳೂರಿನಿಂದ ಬರುವ ಎಂಜಿನಿಯರೊಬ್ಬ ಪಿಜ್ಜಾ ಅಂಗಡಿಯಲ್ಲಿ ಬಿಟ್ಟಿಯಾಗಿ ಕೊಡುವ ಪುಟ್ಟ ಪೊಟ್ಟಣಗಳನ್ನು ಮೇಜಿನ ಡ್ರಾಯರಿನಲ್ಲಿ ಕೂಡಿಟ್ಟಿದ್ದ, ಅವನ್ನು ಬೇಡಿ ತಂದೆ. ಪದ್ಮ ಒಂದು ಪೊಟ್ಟಣ ಹರಿದು ಮೂಸಿ, "ಇದು ಒಣಗಿದ ದೊಡ್ಡಪತ್ರೆ ಕಣ್ರೀ. ದೊಡ್ಡವ್ವನ ಹಿತ್ತಲಲ್ಲಿ ಮೊಣಕಾಲುದ್ದ ಬೆಳೆದಿದೆ" ಎಂದಳು. ಇದು ಅಂತರರಾಷ್ಟ್ರೀಯ ಸೊಪ್ಪು, ಅದು ಮಕ್ಕಳ ನೆಗಡಿಗೆ ಕೊಡುವ ಸೊಪ್ಪು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ ಎಂದು ಗದರಿದೆ.

ಕೋಳಿಯ ವಿಷಯಕ್ಕೆ ದೊಡ್ಡ ಪಂಚಾಯಿತಿಯೇ ಆಯಿತು. ಬಾಯಲ್ಲಿ ಕರಗುವ ಕೋಳಿ ಅಂದರೆ ಫಾರಂ ಕೋಳಿಯೇ ಆಗಬೇಕು. ನಾಟಿ ಕೋಳಿ ಕರಗುವ ಜಾತಿಯಲ್ಲ, ಅದರ ಜೊತೆ ಹಲ್ಲು ಹೋರಾಡಬೇಕು. ಆದರೆ ಹಿರಿಯರ ಎಡೆಗೆ ಫಾರಂ ಕೋಳಿ ಇಟ್ಟ ಮನೆ ನಮ್ಮ ಊರಿನಲ್ಲಿ ಆವರೆಗೆ ಇರಲಿಲ್ಲ. "ತಿಂದೋರು ಅವ್ರು, ಕೇಳ್ತಿರೋರೂ ಅವ್ರೇ. ಫಾರಂ ಅಂದ್ರೆ ಫಾರಂ" ಎಂದು ದೊಡ್ಡವ್ವ ತೀರ್ಮಾನ ಕೊಟ್ಟಳು. ಆದರೆ ಆ ಕೋಳಿ ತನ್ನ ಒಲೆಯ ಮೇಲೆ ಬರಕೂಡದು ಎಂದೂ ಹೇಳಿದಳು. ಹಾಗಾಗಿ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ನನಗೆ ಬೇರೆ ಒಲೆಯಾಯಿತು.

ಪಕ್ಷದ ದಿನ ತಲೆಗೆ ಸ್ನಾನ ಮಾಡಿ, ಟವಲು ಸುತ್ತಿಕೊಂಡು, ಖಾಲಿ ಹೊಟ್ಟೆಯಲ್ಲಿ ನಾನು ಹಿತ್ತಲಿನ ಒಲೆಯ ಮುಂದೆ ಕೂತೆ. ಪ್ರಿಂಟು ಹಾಕಿಸಿದ ಕಾಗದವನ್ನು ದಾಸವಾಳದ ಗಿಡಕ್ಕೆ ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸಿದ್ದೆ. ಈರುಳ್ಳಿ ಹೆಚ್ಚುವಾಗ ಪದ್ಮ ಸಹಾಯಕ್ಕೆ ಬಂದಳು, ಬೇಡ ಎಂದು ಕಳಿಸಿದೆ. ಒಂದು ಮಾಲಿಗೆ ಇಬ್ಬರು ಕೈಹಾಕಿದರೆ ತಪ್ಪು ಯಾರದ್ದೆಂದು ತಿಳಿಯುವುದಿಲ್ಲ ಎಂಬುದು ನಮ್ಮ ವಿಭಾಗದ ನೀತಿ. ಎಣ್ಣೆ ಕಾಯಿತು, ಬೆಳ್ಳುಳ್ಳಿ ಸಿಡಿಯಿತು, ಟಿಕ್. ಈರುಳ್ಳಿ ಕೆಂಪಗಾಯಿತು, ಟಿಕ್. ಕೋಳಿ ಬಿತ್ತು, ಟೊಮೊಟೊ ಬಿತ್ತು, ಜೀರಿಗೆ ಪುಡಿ ಬಿತ್ತು, ನೆನೆಹಾಕಿದ ಬ್ಯಾಡಗಿ ಮೆಣಸಿನಕಾಯಿ ರುಬ್ಬಿದ್ದು ಬಿತ್ತು, ಟಿಕ್, ಟಿಕ್, ಟಿಕ್. ಕೊನೆಗೆ ಮೂರು ಬಣ್ಣದ ಮೆಣಸಿನಕಾಯಿಯನ್ನು ಉದ್ದುದ್ದ ಸೀಳಿ ಹಾಕಿ, ಪಿಜ್ಜಾ ಅಂಗಡಿಯ ಪೊಟ್ಟಣಗಳನ್ನೆಲ್ಲ ಹರಿದು ಉದುರಿಸಿದೆ. ಬಣ್ಣ ನಿಜವಾಗಿಯೂ ಚೆನ್ನಾಗಿ ಬಂತು. ಹಬ್ಬದ ದಿನ ಶಾಲೆಗೆ ಕಟ್ಟುವ ಬಣ್ಣದ ಕಾಗದದಂತೆ ಕಾಣುತ್ತಿತ್ತು.

ಕಾಗದದ ಕೊನೆಯ ಸಾಲು ರುಚಿ ನೋಡುವುದರ ಬಗ್ಗೆ ಇತ್ತು. ಕಾರ್ಖಾನೆಯಲ್ಲಿ ಯಾವುದಾದರೂ ಪರೀಕ್ಷೆ ಒಂದು ಮಾಲಿಗೆ ಸಂಬಂಧಪಡದಿದ್ದರೆ ಆ ಸಾಲಿನ ಮೇಲೆ ಗೆರೆ ಎಳೆದು 'ಅನ್ವಯಿಸುವುದಿಲ್ಲ' ಎಂದು ಬರೆದು ಸಹಿ ಹಾಕುತ್ತೇವೆ. ಇಲ್ಲಿಯೂ ಹಾಗೆಯೇ ಮಾಡಿದೆ. ಪದ್ಮ ಹಿತ್ತಲ ಬಾಗಿಲಲ್ಲಿ ನಿಂತು, "ಎಲ್ಲಾ ಹಾಕಿದ್ದೀರಾ?" ಎಂದು ಕೇಳಿದಳು. ನಾನು ಕಾಗದವನ್ನು ಕ್ಲಿಪ್ಪಿನಿಂದ ಬಿಡಿಸಿ ಅವಳ ಮುಖದ ಮುಂದೆ ಹಿಡಿದೆ. ಒಂದು ಚೌಕವೂ ಖಾಲಿ ಇರಲಿಲ್ಲ.

ನಡುಮನೆಯಲ್ಲಿ ದೊಡ್ಡಪ್ಪನ ಪಟದ ಮುಂದೆ ಹೊಸ ಪಂಚೆ, ಅಂಗಿ, ಅದರ ಮುಂದೆ ಅಗಲವಾದ ಎಲೆ. ವಡೆ, ಪಾಯಸ, ಮುದ್ದೆ, ಅನ್ನ ಎಲ್ಲ ಬಂದವು. ದೊಡ್ಡವ್ವ ನನ್ನ ಸಾರನ್ನು ಎಲೆಯ ನಡುವೆ ಬಡಿಸಿ, ತನ್ನ ಸಾರಿನ ಬಟ್ಟಲನ್ನು ಮೂಲೆಗೆ ಸರಿಸಿದಳು. ಪಟದ ಕಡೆ ನೋಡಿ, ಪಕ್ಕದ ಮನೆಯವರ ಜೊತೆ ಮಾತಾಡುವಂತೆ, "ಮೊದ್ಲು ಅದ್ನೇ ತಿನ್ನಿ. ಹೊಟ್ಟೇಲಿ ಜಾಗ ಇದ್ರೆ ಆಮೇಲೆ ನಂದು" ಎಂದಳು. ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯ ಮೇಲೆ ಕೂತೆವು. ಕಾರ್ಖಾನೆಯ ಶಿಫ್ಟಿನ ಸೈರನ್ನು ಕೇಳಿಸಿತು. "ಅಪ್ಪನ ಹೊಲ ಕೂಗ್ತಾ ಐತೆ" ಎಂದ ಲೋಕೇಶ. ಅವನು ತಮಾಷೆಗೆ ಹೇಳಿದ್ದು. ದೊಡ್ಡವ್ವ ಮಾತ್ರ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಹೆಣ್ಣು ನೋಡಲು ಬಂದವರು ಒಳಗೆ ಕೂತು ಮಾತುಕತೆ ಆಡುವಾಗ ಹೊರಗೆ ಕಾಯುವವರ ಮುಖ ಇರುತ್ತದಲ್ಲ, ಹಾಗಿತ್ತು ಅವಳ ಮುಖ.

ಮಾವ ಕೆಮ್ಮಿ, ಬಾಗಿಲು ತಟ್ಟಿ ತೆರೆದರು. ಕೆಂಪು ಮೆಣಸಿನಕಾಯಿಯ ಒಂದು ಸೀಳು ಎಲೆಯ ಅಂಚಿಗೆ ಜಾರಿತ್ತು. "ಅಪ್ಪ ಮುಟ್ಟವ್ರೆ" ಎಂದು ಲೋಕೇಶ ಕೈಮುಗಿದ. ಎಲ್ಲರೂ ಕೈಮುಗಿದರು. ಎಡೆಯ ಸಾರನ್ನು ಪಾತ್ರೆಯ ಸಾರಿಗೆ ಬೆರೆಸಿ ಎಲ್ಲರಿಗೂ ಬಡಿಸಿದ್ದಾಯಿತು. ಬೆಳಗಿನಿಂದ ಹಸಿದಿದ್ದವರು ಒಂದು ದೊಡ್ಡ ತುತ್ತು ಬಾಯಿಗಿಟ್ಟರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

ನಾನೂ ಬಾಯಿಗಿಟ್ಟೆ. ಉಪ್ಪಿರಲಿಲ್ಲ. ಸ್ವಲ್ಪ ಕಡಿಮೆಯಲ್ಲ, ಒಂದು ಹರಳೂ ಇರಲಿಲ್ಲ. ಅಂಗಿಯ ಜೇಬಿನಿಂದ ಕಾಗದ ತೆಗೆದು ಮೆಲ್ಲಗೆ ನೋಡಿದೆ. ನಾನು ಗೆರೆ ಎಳೆದು ಸಹಿ ಹಾಕಿದ ಕೊನೆಯ ಸಾಲಿನಲ್ಲಿ 'ರುಚಿ ನೋಡಿ, ಬೇಕಾದಷ್ಟು ಉಪ್ಪು ಹಾಕಿ ಇಳಿಸಿ' ಎಂದಿತ್ತು. ರುಚಿ ನೋಡುವಂತಿಲ್ಲ ಎಂದು ಸಾಲು ಹೊಡೆದುಹಾಕಿದಾಗ ಅದರ ಬಾಲ ಹಿಡಿದುಕೊಂಡು ಉಪ್ಪೂ ಹೋಗಿತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಉಪ್ಪೇ ಹಾಕದವನು ಏನು ಮಾಡಬೇಕೆಂದು ಹಿರಿಯರು ಎಲ್ಲಿಯೂ ಹೇಳಿಲ್ಲ. ನಾನು ಎರಡು ಲೋಟ ನೀರು ಕುಡಿದೆ.

ಅಷ್ಟರಲ್ಲಿ ಮಾವ ಬಾಯಿ ಬಿಟ್ಟರು. "ಆ ದೇಶದೋರಿಗೆಲ್ಲ ಬೀಪಿ ಇರ್ಬೇಕು."

"ಸಮುದ್ರ ದೂರ ಇರ್ಬೇಕು ಪಾಪ, ಉಪ್ಪು ಎಲ್ಲಿಂದ ತಂದಾರು" ಎಂದಳು ಚಿಕ್ಕವ್ವ.

"ಅದೆಲ್ಲ ಅಲ್ಲ" ಎಂದ ಲೋಕೇಶ. "ದೊಡ್ಡ ಹೋಟ್ಲುಗಳಲ್ಲಿ ಉಪ್ಪು ಹಾಕೋದೇ ಇಲ್ಲ. ನಾನು ಎಷ್ಟ್ ಕಡೆ ತಿಂದಿಲ್ಲ. ಉಪ್ಪು ಹಾಕೋದು ನಮ್ಮಂಥ ಹಳ್ಳಿಯೋರು."

ನಾನು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, ಉಪ್ಪು ಹಾಕುವುದು ಮರೆತುಹೋಯಿತು ಎಂದು ಹೇಳಿಯೇಬಿಟ್ಟೆ. ಇಂಥ ಸತ್ಯವನ್ನು ತುಂಬಿದ ಮನೆಯಲ್ಲಿ ಹೇಳಲು ಎದೆಗಾರಿಕೆ ಬೇಕು. ಯಾರೂ ನಂಬಲಿಲ್ಲ. "ಸುಮ್ನಿರಣ್ಣ. ನಮ್ಮ ನಾಲ್ಗೆಗೆ ಹಿಡಿಸ್ಲಿಲ್ಲ ಅಂತ ತಪ್ಪು ಯಾಕೆ ಮೈಮೇಲೆ ಎಳ್ಕಂತೀಯ. ಅಪ್ಪ ಒಪ್ಕಂಡವ್ರೆ, ಅಷ್ಟು ಸಾಕು" ಎಂದು ಲೋಕೇಶ ನನ್ನ ಬೆನ್ನು ತಟ್ಟಿದ. ಕಂಪ್ಯೂಟರಿನಿಂದ ಬಂದ ಸಾರಿನಲ್ಲಿ ತಪ್ಪಾಗುವುದು ಹೇಗೆ ಎಂದು ಮಾವ ಕೇಳಿದರು. ಪದ್ಮ ಒಬ್ಬಳು ನನ್ನ ಮುಖ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು.

ದೊಡ್ಡವ್ವ ತಿನ್ನುತ್ತಲೇ ಇದ್ದಳು. ಒಂದು ತುತ್ತು, ಇನ್ನೊಂದು ತುತ್ತು, ಒಂದು ಹಳದಿ ಮೆಣಸಿನಕಾಯಿ. ಆಮೇಲೆ ಪಟದ ಕಡೆ ತಿರುಗಿ, "ಇದುಕ್ಕಾ?" ಎಂದಳು. ನಗಲು ಶುರುಮಾಡಿದಳು. ಗಂಡ ಹೋದ ಮೇಲೆ ಅವಳು ನಕ್ಕಿದ್ದನ್ನು ನಾವ್ಯಾರೂ ನೋಡಿರಲಿಲ್ಲ. "ಇಷ್ಟ್ ವರ್ಸ ಇದ್ನ ಎತ್ಕಂಡು ನನ್ ಸಾರ್ನ ಆಡ್ಕಂತಿದ್ರಾ?" ಎಂದು ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಎಂದಲ್ಲದೆ, "ಹೊಲ ಕೊಟ್ಬುಟ್ಟು ಬಂದೋರು, ಮನೇಗ್ ಬಂದು ಏನೂ ಸಿಕ್ಲಿಲ್ಲ ಅಂತ ಹೇಳಕ್ಕಾಯ್ತದಾ? ಸಾರು ಚೆನ್ನಾಗಿತ್ತು ಅಂದ್ರು" ಎಂದಳು.

ಲೋಕೇಶ ಮೊಬೈಲು ತೆಗೆದು ನೋಡಿದ. ಅದು ರಿಂಗಾಗಿರಲಿಲ್ಲ. ನಾನು ಉಪ್ಪಿನ ಮಾತನ್ನು ಮತ್ತೆ ಎತ್ತಲಿಲ್ಲ. ದೊಡ್ಡವ್ವ ಎದ್ದು ಹೋಗಿ ಮೂಲೆಯಲ್ಲಿದ್ದ ತನ್ನ ಸಾರಿನ ಬಟ್ಟಲನ್ನು ತಂದು, ಗಂಡನ ಪಟದ ಎದುರಿಗೆ, ಎಲೆಯ ನಡುಮಧ್ಯಕ್ಕೆ ಇಟ್ಟಳು.

ಮುಂದಿನ ವರ್ಷ ನಾನು ಹುಷಾರಾದೆ. ಕಳೆದ ಸಲ ಹೋದ ಮಾನವನ್ನು ವಾಪಸು ತರಬೇಕಿತ್ತು. ಪದ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ, ಅವಳು ಹಬೆ ಮೂಸಿ ಹೇಳಿದಷ್ಟು ಉಪ್ಪು ಹಾಕಿದೆ, ಅಂತರರಾಷ್ಟ್ರೀಯ ಸೊಪ್ಪಿನ ಬದಲು ಹಿತ್ತಲಿನ ದೊಡ್ಡಪತ್ರೆಯನ್ನೇ ಕಿತ್ತು ಹಾಕಿದೆ. ಎಡೆಯಾಗಿ ಬಾಗಿಲು ತೆರೆದು ಊಟಕ್ಕೆ ಕೂತೆವು. ಸಾರು ಅದ್ಭುತವಾಗಿತ್ತು. ನಾನೇ ಹೇಳಿಕೊಳ್ಳಬಾರದು, ಆದರೆ ಮಾವ ಎರಡನೆಯ ಸಲ ಹಾಕಿಸಿಕೊಂಡರು, ಮೂರನೆಯ ಸಲವೂ ಹಾಕಿಸಿಕೊಂಡು, "ಭಾವ ಸುಮ್‌ಸುಮ್ನೆ ಹೊಗಳ್ತಿರ್ಲಿಲ್ಲ ಕಣಕ್ಕ" ಎಂದರು.

ದೊಡ್ಡವ್ವ ಇನ್ನೊಂದು ಮುದ್ದೆ ತಂದು ತಮ್ಮನ ತಟ್ಟೆಗೆ ಇಟ್ಟಳು. ತಟ್ಟೆ ಜೋರಾಗಿ ಸದ್ದು ಮಾಡಿತು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಬಂದಳು. ಚೊಂಬಿನಿಂದ ನನ್ನ ಕೈಗೆ ನೀರು ಹಾಕುತ್ತಾ ಹೇಳಿದಳು. "ಬರೋ ವರ್ಸ ಮೊದ್ಲಿನಂಗೇ ಮಾಡಪ್ಪ. ಅವ್ರು ಒಪ್ಪಿದ್ದು ಅದು."

"ದೊಡ್ಡವ್ವ, ಅದಕ್ಕೆ ಉಪ್ಪೇ ಹಾಕಿರಲಿಲ್ಲ."

"ನಂಗೊತ್ತಿಲ್ವಾ" ಎಂದಳು ದೊಡ್ಡವ್ವ, ಚೊಂಬು ಕೆಳಗಿಡುತ್ತಾ. "ಅವತ್ತು ನೀನು ಒಲೆ ಮೇಲಿಂದ ಇಳ್ಸಿದಾಗ್ಲೇ ವಾಸ್ನೇಲೇ ಗೊತ್ತಾಯ್ತು."

ಆಗಿನಿಂದ ಅದೇ ಪದ್ಧತಿಯಾಗಿದೆ. ಪ್ರತಿ ವರ್ಷ ಪಕ್ಷದಲ್ಲಿ ನಾನು ಊರಿಗೆ ಹೋಗುತ್ತೇನೆ, ಹಿತ್ತಲಿನಲ್ಲಿ ಮೂರು ಕಲ್ಲು ಹೂಡುತ್ತೇನೆ, ಉಪ್ಪಿಲ್ಲದ ಮೆಕ್ಸಿಕೋ ಸಾರು ಮಾಡುತ್ತೇನೆ. ಮನೆಗೆ ಹೊಸದಾಗಿ ಬಂದ ಸೊಸೆಯರಿಗೆ ಲೋಕೇಶ ಇದರ ಶಾಸ್ತ್ರ ತಿಳಿಸುತ್ತಾನೆ: ಉಪ್ಪು ಮುಟ್ಟಿಸಬಾರದು, ಫಾರಂ ಕೋಳಿಯೇ ಆಗಬೇಕು, ಮನೆಯ ಒಲೆಗೆ ತರಬಾರದು, ಓದಿದ ಗಂಡಸೇ ಮಾಡಬೇಕು. ಕೇಳಿದವರು ಇದು ತಲೆತಲಾಂತರದಿಂದ ಬಂದದ್ದೆಂದು ತಿಳಿದು ಭಕ್ತಿಯಿಂದ ತಲೆಯಾಡಿಸುತ್ತಾರೆ. ಎಲ್ಲರೂ ಶಾಸ್ತ್ರಕ್ಕೆಂದು ಒಂದು ತುತ್ತು ತಿಂದು ದೊಡ್ಡವ್ವನ ಸಾರಿಗೆ ಕೈಹಾಕುತ್ತಾರೆ. ಅವಳು ಬಡಿಸುತ್ತಾಳೆ, ತಟ್ಟೆ ಸದ್ದು ಮಾಡುವುದಿಲ್ಲ. ಉಳಿದದ್ದನ್ನು, ಮಾಡಿದವನು ತಾನೇ ಬಿಡಬಾರದು ಎಂದು, ನನ್ನ ತಟ್ಟೆಗೆ ಸುರಿಯುತ್ತಾರೆ. ನಾನು ತಿನ್ನುತ್ತೇನೆ. ಅದನ್ನು ನೋಡಿ, ಇವರಿಗೂ ದೊಡ್ಡಪ್ಪನಂತೆಯೇ ಈ ಸಾರು ಅಂದರೆ ಪ್ರಾಣ ಎಂಬ ಮಾತು ಮನೆಯಲ್ಲಿ ಹುಟ್ಟಿಕೊಂಡಿದೆ.

ಈ ಮಾತಿನ ಮುಂದಿನ ಗತಿ ಏನೆಂದು ನನಗೆ ಹೊಳೆದದ್ದು ಹೋದ ವರ್ಷ, ಬಸ್ಸಿನಲ್ಲಿ ವಾಪಸು ಬರುವಾಗ. ತಕ್ಷಣ ಪದ್ಮನ ಕಡೆ ತಿರುಗಿ, ನೋಡು, ನಾನು ಹೋದ ಮೇಲೆ ನನ್ನ ಎಡೆಗೆ ನಾಟಿ ಕೋಳಿ ಸಾರು, ಮುದ್ದೆ ಇಡಿ, ಬೇರೇನೂ ಬೇಡ ಎಂದೆ.

"ಇಷ್ಟು ವರ್ಷ ಎಲ್ಲರ ಮುಂದೆ ಕೂತು ಚಪ್ಪರಿಸಿಕೊಂಡು ತಿಂದಿದ್ದೀರಿ. ಈಗ ನಾನು ಹೇಳಿದ್ರೆ ಲೋಕೇಶ ಕೇಳ್ತಾನಾ?" ಎಂದಳು.

ಕೇಳುವುದಿಲ್ಲ. ಲೋಕೇಶ ನನ್ನ ಪಟದ ಮುಂದೆಯೂ ಮೂರು ಬಣ್ಣದ ಸಾರು ಇಟ್ಟು ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಒಳಗೆ ನಾನೊಬ್ಬನೇ. ಉಪ್ಪು ತಗೊಂಡು ಬಾ ಎಂದು ಯಾರನ್ನೂ ಕರೆಯುವಂತಿಲ್ಲ. ಕೊನೆಗೆ ಹೆಂಡತಿಯ ಹತ್ತಿರ ಇಷ್ಟು ಬೇಡಿಕೊಂಡೆ: ಸಾರು ಏನಾದರೂ ಇಡಲಿ, ಬಾಗಿಲು ಮುಚ್ಚುವ ಮೊದಲು ಯಾರಿಗೂ ಕಾಣದಂತೆ ಎಲೆಯ ತುದಿಗೆ ಒಂದು ಚಿಟಿಕೆ ಉಪ್ಪು ಇಟ್ಟುಬಿಡು.

ಪದ್ಮ ಕಿಟಕಿಯ ಹೊರಗೆ ನೋಡುತ್ತಾ, "ನೆನಪಿದ್ರೆ ಇಡ್ತೀನಿ" ಎಂದಳು.